ಆಲಿವ್ ಎಲೆಯ ಕ್ಯಾಪ್ಸೂಲ್ ಬಂದಿದೆ, ಅತ್ತೆಯ ಮಾತ್ರೆ ಬಿಡಬಹುದಾ?

ಪ್ರಶ್ನೆ (ಮೂಡಿಗೆರೆಯಿಂದ): ನಮಸ್ತೆ ಮೇಡಂ. ನಮ್ಮತ್ತೆಗೆ 63 ವರ್ಷ. ಹೋದ ವರ್ಷ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಕೀಮೋ, ರೇಡಿಯೇಷನ್ ಎಲ್ಲಾ ಮುಗಿದಿದೆ. ಈಗ ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ, ಐದು ವರ್ಷ ಅಂದಿದ್ದಾರೆ. ಬಿಪಿ, ಶುಗರ್ ಮಾತ್ರೆ ಮೊದಲಿಂದಲೂ ಇದೆ. ಬೆಂಗಳೂರಿನ ನಾದಿನಿ ಆಲಿವ್ ಎಲೆಯ ಕ್ಯಾಪ್ಸೂಲ್ ಕಳಿಸಿದ್ದಾರೆ. ಜೊತೆಗೊಂದು ವಾಟ್ಸಾಪ್ ಫಾರ್ವರ್ಡ್: ಆಲಿವ್ ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ವಿಜ್ಞಾನಿಗಳೇ ಒಪ್ಪಿದ್ದಾರೆ ಅಂತ. ನಿಜವಾ? ಇದು ಶುರು ಮಾಡಿದರೆ ಆ ಮಾತ್ರೆ ಬಿಡಬಹುದಾ ಅಂತ ಅತ್ತೆ ಕೇಳುತ್ತಿದ್ದಾರೆ.

ಉತ್ತರ (ಕ್ಯಾನ್ಸರ್ ಡಾಕ್ಟರ್, ಹಾಸನ): ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಲೆಟ್ರೋಜೋಲ್ ಬಿಡಬೇಡಿ.

ಇನ್ನು ಆ ಫಾರ್ವರ್ಡ್. ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭ ಇತ್ತು. ಆಲಿವ್ ಎಲೆಯಲ್ಲಿ ಓಲಿಯೂರೋಪಿನ್ ಅಂತ ಒಂದು ಕಹಿ ಅಂಶ ಇದೆ. ಹಸಿ ಆಲಿವ್ ಕಾಯಿ ಬಾಯಿಗಿಡಲಾಗದಷ್ಟು ಕಹಿ ಇರುವುದು ಅದರಿಂದಲೇ. ಹಾಗಲಕಾಯಿಗೆ ಉಪ್ಪು ಹಚ್ಚಿ ಇಡುತ್ತೀವಲ್ಲ, ಹಾಗೆ ಆಲಿವ್ ಬೆಳೆಯುವ ಕಡೆ ಅದನ್ನು ವಾರಗಟ್ಟಲೆ ಉಪ್ಪುನೀರಲ್ಲಿ ನೆನೆಸುತ್ತಾರೆ. ಓಲಿಯೂರೋಪಿನ್ ಒಡೆದರೆ ಹೈಡ್ರಾಕ್ಸಿಟೈರೋಸಾಲ್ ಆಗುತ್ತದೆ. ಒಳ್ಳೆ ಆಲಿವ್ ಎಣ್ಣೆ ಕುಡಿದರೆ ಗಂಟಲು ಚುರ್ ಅನ್ನುತ್ತದೆ, ಅದು ಓಲಿಯೋಕ್ಯಾಂಥಾಲ್. ಈ ಮೂರನ್ನೂ ಲ್ಯಾಬಿನಲ್ಲಿ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದ್ದಾರೆ. ಕೋಶಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಎಷ್ಟೋ ಸಾಯುತ್ತವೆ. ಇಲ್ಲಿಯವರೆಗೆ ನಿಜ.

ಆದರೆ ಯಾವ ಕೋಶ? ಹೆಚ್ಚಾಗಿ ಎಂಸಿಎಫ್-7 ಅನ್ನುವುದು. 1970ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯ ಎದೆಯಲ್ಲಿ ತುಂಬಿದ್ದ ನೀರಿನಿಂದ ತೆಗೆದದ್ದು. ಆಕೆ ತೀರಿಕೊಂಡರೂ ಆ ಕೋಶಗಳು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಪ್ಲಾಸ್ಟಿಕ್ ತಟ್ಟೆಯಲ್ಲಿ, 37 ಡಿಗ್ರಿಯಲ್ಲಿ. ಅಲ್ಲಿ ಹೊಟ್ಟೆ ಇಲ್ಲ, ಲಿವರ್ ಇಲ್ಲ, ಕಿಡ್ನಿ ಇಲ್ಲ. ಹಾಕಿದ್ದೆಲ್ಲ ನೇರ ಕೋಶಕ್ಕೆ.

ತೋಟದವರಿಗೆ ಬೇಗ ಅರ್ಥವಾಗುವ ಹಾಗೆ ಹೇಳುತ್ತೇನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದೇ ತುತ್ತ, ಸುಣ್ಣವನ್ನು ಒಂದು ಕೆರೆಗೆ ಕಲಸಿ, ಆ ನೀರು ಹೊಡೆದರೆ ರೋಗ ನಿಲ್ಲುತ್ತದಾ? ಕ್ಯಾಪ್ಸೂಲ್ ಕಥೆಯೂ ಹಾಗೇ. ಕರುಳು, ಲಿವರ್ ಸೇರಿ ಹೈಡ್ರಾಕ್ಸಿಟೈರೋಸಾಲನ್ನು ಬೇಗ ಬೇರೆ ರೂಪಕ್ಕೆ ತಿರುಗಿಸುತ್ತವೆ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ರಕ್ತದಲ್ಲಿ ಉಳಿಯುವುದು ಆ ತಟ್ಟೆಯಲ್ಲಿ ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಕಮ್ಮಿ.

ಗಿಡದಿಂದ ಔಷಧಿ ಬರುವುದೇ ಇಲ್ಲ ಅಂತಲ್ಲ. ಅತ್ತೆಗೆ ಕೀಮೋದಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟಿದ್ದರೆ, ಅದು ಮೊದಲು ಸಿಕ್ಕಿದ್ದು ಯೂ ಅನ್ನೋ ಮರದ ತೊಗಟೆಯಲ್ಲಿ. 1962ರಲ್ಲಿ ತೊಗಟೆ ಕೊಯ್ದರು, ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ನಡುವಿನ ಮೂವತ್ತು ವರ್ಷ ಸುಮ್ನೆ ಹೋಗಲಿಲ್ಲ, ಪರೀಕ್ಷೆಗಳಲ್ಲಿ ಹೋಯಿತು.

ಪ್ರಶ್ನೆ (ಬೇಲೂರಿನಿಂದ): ಮೇಡಂ, ಆಲಿವ್ ಪರೀಕ್ಷೆ ಮನುಷ್ಯರ ಮೇಲೂ ಆಗಿದೆ ಅಂತ ಓದಿದ್ದೆ. ಸ್ಪೇನ್‌ನಲ್ಲಿ?

ಉತ್ತರ: ಆಗಿದೆ. 60ರಿಂದ 80 ವರ್ಷದ 4,282 ಹೆಂಗಸರು. ಒಂದು ಗುಂಪಿಗೆ ವಾರಕ್ಕೆ ಮನೆಗೊಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ, ಇನ್ನೊಂದಕ್ಕೆ ಬಾದಾಮಿ, ಅಕ್ರೋಟು, ಮತ್ತೊಂದಕ್ಕೆ ಬರೀ ಜಿಡ್ಡು ಕಮ್ಮಿ ಮಾಡಿ ಅನ್ನೋ ಸಲಹೆ. ಸುಮಾರು ಐದು ವರ್ಷ ನೋಡಿದರು, 2015ರಲ್ಲಿ ವರದಿ ಬಂತು. ಎಣ್ಣೆಯ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಕಮ್ಮಿ ಇತ್ತು. ಆದರೆ ಮೂರೂ ಗುಂಪು ಸೇರಿ ಕ್ಯಾನ್ಸರ್ ಬಂದವರು 35 ಜನ ಮಾತ್ರ. ಅಷ್ಟರ ಮೇಲೆ ಗಟ್ಟಿಯಾಗಿ ಏನೂ ಹೇಳಕ್ಕಾಗಲ್ಲ. ಮೇಲಾಗಿ ಆ ಅಧ್ಯಯನ ಶುರುವಾಗಿದ್ದು ಹೃದಯದ ಕಾಯಿಲೆಗೆ. ಅದು ಕ್ಯಾನ್ಸರ್ ಇಲ್ಲದವರು ಉಂಡ ಎಣ್ಣೆಯ ಕಥೆ, ಕ್ಯಾನ್ಸರ್ ಬಂದವರು ನುಂಗಿದ ಕ್ಯಾಪ್ಸೂಲಿನದ್ದಲ್ಲ.

ಪ್ರಶ್ನೆ (ಆಲ್ದೂರಿನಿಂದ): ಹಾಗಾದ್ರೆ ಅಡುಗೆಗೆ ಆಲಿವ್ ಎಣ್ಣೆ ತರಬಹುದಾ? ಮಗುವಿಗೆ ಹಚ್ಚೋದು ಮನೇಲಿದೆ. ಗಿಡ ಹಾಕಿದರೆ ಬರುತ್ತಾ ನಮ್ಮ ಕಡೆ?

ಉತ್ತರ: ಹಚ್ಚುವ ಎಣ್ಣೆ ಹಚ್ಚಲಿಕ್ಕೇ ಇರಲಿ. ಅಡುಗೆಗೆ ಇಷ್ಟ ಇದ್ದರೆ ತನ್ನಿ, ಊಟಕ್ಕೆ ಒಳ್ಳೆಯದೇ. ಪೋಮೇಸ್ (ಎಣ್ಣೆ ತೆಗೆದು ಉಳಿದ ಹಿಂಡಿಯಿಂದ ತೆಗೆದದ್ದು) ಅಂತ ಬರೆದ ಬಾಟಲಿಯಲ್ಲಿ ಮೇಲೆ ಹೇಳಿದ ಅಂಶಗಳು ಹೆಚ್ಚೇನೂ ಇರುವುದಿಲ್ಲ. ಅಕ್ಕಿ ರೊಟ್ಟಿಗೆ ಮಾತ್ರ ಆ ರುಚಿ ನನಗೆ ಒಗ್ಗಲಿಲ್ಲ. ಗಿಡದ ಆಸೆ ಬಿಡಿ. ಅದಕ್ಕೆ ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಒಣ ಹವೆ ಬೇಕು. ಆಲ್ದೂರಿನ ಜುಲೈ ಮಳೆ ನಿಮಗೇ ಗೊತ್ತಲ್ಲ!

ಪ್ರಶ್ನೆ (ಮೂಡಿಗೆರೆಯಿಂದ): ಮೇಡಂ, ಒಂದು ವಿಷಯ. ನಿಮ್ಮ ಉತ್ತರ ಅತ್ತೆಗೆ ಓದಿ ಹೇಳಿದೆ. ಆಗ ಬಾಯಿಬಿಟ್ಟರು. ಎರಡು ವಾರದಿಂದ ಲೆಟ್ರೋಜೋಲ್ ನುಂಗಿಯೇ ಇಲ್ಲವಂತೆ. ಸ್ಟ್ರಿಪ್ ಕಡುಬಿನ ಪಾತ್ರೆ ಹಿಂದೆ ಇತ್ತು. ಬೆಳಿಗ್ಗೆ ಎದ್ದರೆ ಮಂಡಿ, ಬೆರಳು ಎಲ್ಲಾ ಹಿಡಿದುಕೊಳ್ಳುತ್ತದೆ, ಹಾಲು ಕರೆಯಕ್ಕೂ ಆಗಲ್ಲ ಅಂತಾರೆ. ಹೇಳಿದರೆ ಡಾಕ್ಟರ್ ಬೈತಾರೆ ಅನ್ನೋ ಭಯ.

ಉತ್ತರ: ಹೇಳಿದ್ದು ತುಂಬಾ ಒಳ್ಳೆಯದಾಯಿತು. ಅವರನ್ನು ಬೈಯಬೇಡಿ. ಆ ನೋವು ಮಾತ್ರೆಯದ್ದೇ ಇರಬಹುದು. ಮುಟ್ಟು ನಿಂತ ಮೇಲೂ ಮೈಕೊಬ್ಬಿನಲ್ಲಿ ಸ್ವಲ್ಪ ಈಸ್ಟ್ರೋಜನ್ ತಯಾರಾಗುತ್ತಿರುತ್ತದೆ. ಅವರ ಥರದ ಕ್ಯಾನ್ಸರ್‌ಗೆ ಅದೇ ಗೊಬ್ಬರ. ಲೆಟ್ರೋಜೋಲ್ ಅದನ್ನು ತಡೆಯುತ್ತದೆ, ಆ ಹಾರ್ಮೋನ್ ಕಮ್ಮಿಯಾದಾಗ ಎಷ್ಟೋ ಜನರಿಗೆ ಕೀಲು ಹಿಡಿಯುತ್ತದೆ. ಸಹಿಸಿಕೊಂಡೇ ಇರಬೇಕು ಅಂತೇನಿಲ್ಲ. ಅದೇ ಗುಂಪಿನ ಬೇರೆ ಮಾತ್ರೆ ಇದೆ, ಬೇಕಾದರೆ ಬೇರೆ ಗುಂಪಿನ ಟ್ಯಾಮೋಕ್ಸಿಫೆನ್ ಮಾತ್ರೆ ಇದೆ. ನಿಯಮಿತ ವ್ಯಾಯಾಮದಿಂದ ಈ ನೋವು ಕಮ್ಮಿ ಆಗಿದ್ದು ಅಧ್ಯಯನದಲ್ಲೂ ಕಂಡಿದೆ. ಮೂಳೆ ಸವೆದಿದೆಯಾ ಅಂತ ಡೆಕ್ಸಾ ಸ್ಕ್ಯಾನ್ ಕೇಳಿ.

ತಪ್ಪಿದ ದಿನಗಳ ಲೆಕ್ಕಕ್ಕೆ ಎರಡೆರಡು ನುಂಗಿಸಬೇಡಿ. ಅವರ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ, ಎರಡು ವಾರ ಬಿಟ್ಟಿದ್ದಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಕ್ಯಾಪ್ಸೂಲ್ ಅಲ್ಲಿಯವರೆಗೆ ಬೇಡ. ಆಲಿವ್ ಎಲೆ ಬಿಪಿ, ಶುಗರ್ ಎರಡನ್ನೂ ಇಳಿಸಬಹುದು, ಅವುಗಳ ಮಾತ್ರೆ ಜೊತೆ ಸೇರಿದರೆ ತಲೆಸುತ್ತು ಬಂದೀತು. ಹೋಗುವಾಗ ಆ ಡಬ್ಬಿಯನ್ನೂ ತಗೊಂಡು ಹೋಗಿ ತೋರಿಸಿ.

ಪ್ರಶ್ನೆ (ಮೂಡಿಗೆರೆಯಿಂದ): ಆಯ್ತು ಮೇಡಂ. ನಾದಿನಿಗೆ ಏನು ಹೇಳಲಿ?

ಉತ್ತರ: ಮುಂದಿನ ಸಲ ಬರುವಾಗ ಅತ್ತೆಗೆ ಒಂದು ಜೊತೆ ಒಳ್ಳೆ ವಾಕಿಂಗ್ ಶೂ ತರಲಿಕ್ಕೆ ಹೇಳಿ.