ಸೀಸ್ಯಾಟ್ ಕೆಟ್ಟದ್ದು ಹೇಗೆ: ಕಾಸರಗೋಡಿನ ಹಳೇ ವಿದ್ಯಾರ್ಥಿಗಳ ಗುಂಪಿನ ಚರ್ಚೆ

*ಕುಂಬಳೆ* (ಫಾರ್ವರ್ಡ್): ಗೊತ್ತೇ? 1978ರಲ್ಲಿ ಅಮೆರಿಕದ ಸೀಸ್ಯಾಟ್ ಉಪಗ್ರಹ ನೀರಿನಡಿಯ ಸಬ್‌ಮೆರೀನ್‌ಗಳನ್ನು ಪತ್ತೆ ಹಚ್ಚಿತು! ಹೆದರಿದ ನೌಕಾಪಡೆ 105 ದಿನಕ್ಕೇ ಅದನ್ನು ಬಂದ್ ಮಾಡಿ ‘ಶಾರ್ಟ್ ಸರ್ಕ್ಯೂಟ್’ ಎಂದಿತು! ಎಲ್ಲರಿಗೂ ಹಂಚಿ.

*ಬದಿಯಡ್ಕ*: ದಯವಿಟ್ಟು ಹಂಚಬೇಡಿ. 105 ದಿನ ಎಂಬುದು ಮಾತ್ರ ಸರಿ. ಜೂನ್ 27ಕ್ಕೆ ಹಾರಿತು, ಅಕ್ಟೋಬರ್ 10ಕ್ಕೆ ಕರೆಂಟ್ ಹೋಯಿತು. ಹೇಗೆ ಹೋಯಿತೆಂದು ತನಿಖಾ ಮಂಡಳಿ ಬಿಡಿಸಿ ಬರೆದದ್ದುಂಟು.

*ಕುಂಬಳೆ*: ಸರಕಾರಿ ಮಂಡಳಿ ಮತ್ತೆಂತ ಬರೆಯುತ್ತದೆ? ಅಷ್ಟು ದೊಡ್ಡ ಉಪಗ್ರಹ ಒಂದು ಶಾರ್ಟ್‌ಗೆ ಪೂರ್ತಿ ಹೋಗುತ್ತದಾ? ಫ್ಯೂಸ್ ಇರುವುದಿಲ್ಲವಾ?

*ಬದಿಯಡ್ಕ*: ಶಾರ್ಟ್ ಎಲ್ಲಿ ಆಯಿತು ನೋಡಿ. ಸೌರಫಲಕ ಸೂರ್ಯನನ್ನು ಹಿಂಬಾಲಿಸಿ ತಿರುಗಬೇಕು, ಒಡಲು ಭೂಮಿಯನ್ನೇ ನೋಡಬೇಕು. ಎರಡರ ನಡುವೆ ಕರೆಂಟ್ ದಾಟಿಸುವುದು ಸ್ಲಿಪ್ ರಿಂಗ್. ದಂಡದ ಮೇಲೆ ಸಾಲಾಗಿ ಲೋಹದ ಉಂಗುರಗಳು, ಅವಕ್ಕೆ ಒತ್ತಿ ನಿಂತ ಬ್ರಷ್‌ಗಳು. ಮಿಕ್ಸಿ ಮೋಟಾರಿನ ಕಾರ್ಬನ್ ಬ್ರಷ್ ಮಾಡುವ ಕೆಲಸವೇ. ಸೀಸ್ಯಾಟಿನಲ್ಲಿ ಪ್ಲಸ್ ಉಂಗುರದ ಪಕ್ಕದಲ್ಲೇ ಮೈನಸ್ ಉಂಗುರ ಇತ್ತು. ಬ್ರಷ್‌ಗೆ ತಂತಿ ತಾಗಿರಬಹುದು, ಬ್ರಷ್‌ಗೆ ಬ್ರಷ್ ತಾಗಿರಬಹುದು, ಇಲ್ಲವೇ ಯಾವುದೋ ಕಸದ ಚೂರು ನಡುವೆ ಸೇತುವೆ ಕಟ್ಟಿರಬಹುದು ಎಂದು ಮಂಡಳಿ ಹೇಳಿತು. ಮೂರರಲ್ಲಿ ಇಂಥದ್ದೇ ಎಂದು ಬೊಟ್ಟು ಮಾಡಲಿಲ್ಲ.

*ಬದಿಯಡ್ಕ*: ಫ್ಯೂಸಿನ ಪ್ರಶ್ನೆಗೆ: ಉಪಕರಣದ ದಾರಿಯಲ್ಲಿರುವ ಫ್ಯೂಸ್, ಆ ಉಪಕರಣ ಕೆಟ್ಟಾಗ ಉಳಿದದ್ದನ್ನು ಕಾಯುತ್ತದೆ. ಇಲ್ಲಿ ಶಾರ್ಟ್ ಆದದ್ದು ಮೂಲದಲ್ಲಿ, ಎಲ್ಲಾ ಲೋಡ್‌ಗಳಿಗಿಂತ ಮೇಲೆ. ಫಲಕದ ಕರೆಂಟೂ ಹೋಯಿತು, ಬ್ಯಾಟರಿಯೂ ಬರಿದಾಯಿತು. ಕರೆಂಟಿಲ್ಲದ ಮೇಲೆ ಆಜ್ಞೆ ಕೇಳುವ ರಿಸೀವರೂ ಇಲ್ಲ.

*ಕುಂಬಳೆ*: ಆದರೆ ಸೀಸ್ಯಾಟಿನ ರಾಡಾರ್ ಚಿತ್ರದಲ್ಲಿ ಸಮುದ್ರದ ಒಳಗಿನ ಅಲೆ, ತಳದ ಮರಳುದಿಬ್ಬ ಎಲ್ಲಾ ಕಂಡಿತ್ತಲ್ಲ? ಅದೂ ಸುಳ್ಳಾ?

*ಮಂಜೇಶ್ವರ*: ಅದು ನಿಜ, ಈ ಗಾಳಿಸುದ್ದಿ ಹುಟ್ಟಿದ್ದೇ ಅಲ್ಲಿಂದ. ಆದರೆ ರಾಡಾರ್ ನೀರಿನೊಳಗೆ ನೋಡಲೇ ಇಲ್ಲ. 1.275 ಗಿಗಾಹರ್ಟ್ಸ್, ಅಂದರೆ 23.5 ಸೆಂಟಿಮೀಟರ್ ತರಂಗ, ಉಪ್ಪುನೀರಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಕುಂದುತ್ತದೆ. ಕಾಣುವುದು ಮೇಲ್ಮೈಯ ಒರಟುತನ. ಲಂಬದಿಂದ 23 ಡಿಗ್ರಿ ಓರೆಯಲ್ಲಿ ಬಿದ್ದ ಕಿರಣಕ್ಕೆ ಸುಮಾರು 30 ಸೆಂಟಿಮೀಟರ್ ಉದ್ದದ ಕಿರುಅಲೆಗಳು ಒಟ್ಟಾಗಿ ಪ್ರತಿಧ್ವನಿ ಕೊಡುತ್ತವೆ. ಒಳಗಿನ ಅಲೆಯೋ ದಿಬ್ಬದ ಮೇಲಿನ ಸೆಳೆತವೋ ಆ ಕಿರುಅಲೆಗಳನ್ನು ಒಂದು ಕಡೆ ಒತ್ತುತ್ತದೆ, ಇನ್ನೊಂದು ಕಡೆ ಸಡಿಲ ಬಿಡುತ್ತದೆ. ಅದೇ ಚಿತ್ರದ ಬಿಳಿ-ಕಪ್ಪು ಪಟ್ಟೆ. ಗಾಳಿ ಜೋರಾದರೆ ಆ ಪಟ್ಟೆಯೂ ಅಳಿಸಿಹೋಗುತ್ತದೆ. ಇದನ್ನು ನಂಬಿ ಸಬ್‌ಮೆರೀನ್ ಬೇಟೆಯಾಡಲು ಆಗುವುದಿಲ್ಲ.

*ಮಂಜೇಶ್ವರ*: ಇನ್ನೊಂದು. 1981ರ ನವೆಂಬರಿನಲ್ಲಿ ಕೊಲಂಬಿಯಾ ಶಟಲ್ ಸೀಸ್ಯಾಟಿನದೇ ತಂತ್ರದ ಎಲ್-ಬ್ಯಾಂಡ್ (ಅದೇ 23.5 ಸೆಂಟಿಮೀಟರ್ ಆಸುಪಾಸಿನ ತರಂಗದ) ರಾಡಾರ್ ಹೊತ್ತೊಯ್ದಿತು, ಸಿರ್-ಎ ಅಂತ. ರಹಸ್ಯ ಮುಚ್ಚಬೇಕಿದ್ದರೆ ಮೂರೇ ವರ್ಷದಲ್ಲಿ ಅದನ್ನೇ ಮತ್ತೆ ಬಹಿರಂಗವಾಗಿ ಹಾರಿಸುತ್ತಾರಾ?

*ಕುಂಬಳೆ*: ಹಾಗಾದರೆ ನೌಕಾಪಡೆ ಎಂತದನ್ನೂ ಅಡಗಿಸಲೇ ಇಲ್ಲವಾ?

*ಮಂಜೇಶ್ವರ*: ಅಡಗಿಸಿತು, ಬೇರೆ ಉಪಗ್ರಹದಲ್ಲಿ. ಸೀಸ್ಯಾಟಿನ ಆಲ್ಟಿಮೀಟರ್ ಸಮುದ್ರದ ಎತ್ತರವನ್ನು ಸುಮಾರು 10 ಸೆಂಟಿಮೀಟರ್ ನಿಖರತೆಯಲ್ಲಿ ಅಳೆಯಿತು. ತಳದ ಬೆಟ್ಟದ ಗುರುತ್ವ ಮೇಲಿನ ನೀರನ್ನು ಉಬ್ಬಿಸುತ್ತದೆ, ಹಾಗಾಗಿ ಎತ್ತರ ಅಳೆದರೆ ಗುರುತ್ವದ ನಕ್ಷೆ ಸಿಗುತ್ತದೆ. ಸಬ್‌ಮೆರೀನಿನಿಂದ ಕ್ಷಿಪಣಿ ಹಾರಿಸುವವರಿಗೆ ಅದು ಬೇಕು. 1985ರಲ್ಲಿ ನೌಕಾಪಡೆ ಜಿಯೋಸ್ಯಾಟ್ ಹಾರಿಸಿ, ಗುರುತ್ವದ ನಕ್ಷೆಗಾಗಿ ಅಳೆದ ಭಾಗದ ದತ್ತಾಂಶವನ್ನು ಪೂರ್ತಿ ಬಿಡುಗಡೆ ಮಾಡಿದ್ದು 1995ರಲ್ಲಿ.

*ಬೇಕಲ*: ನಮ್ಮ ಕಡಲಿನ ಚಿತ್ರ ಏನಾದರೂ ಉಂಟಾ? ಜೂನ್ ಕೊನೆಯಿಂದ ಅಕ್ಟೋಬರ್ ಅಂದರೆ ನಮ್ಮ ಮಳೆಗಾಲವೇ.

*ಮಂಜೇಶ್ವರ*: ರಾಡಾರ್ ಚಿತ್ರ ಇಲ್ಲ. ಅದು ನೋಡುವ ಪಟ್ಟಿ 100 ಕಿಲೋಮೀಟರ್ ಅಗಲ, 25 ಮೀಟರ್‌ವರೆಗಿನ ವಿವರ. ಅಷ್ಟು ದತ್ತಾಂಶ ತುಂಬಿಸುವ ಟೇಪ್ ಅದರಲ್ಲಿ ಇರಲಿಲ್ಲ. ಕಂಡದ್ದನ್ನು ಆಗಿಂದಾಗಲೇ ನೆಲಕ್ಕೆ ಕಳಿಸಬೇಕು, ಅಂದರೆ ನಿಲ್ದಾಣ ಕಣ್ಣಳತೆಯಲ್ಲಿರಬೇಕು. ಆ ನಿಲ್ದಾಣಗಳು ಉತ್ತರ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ. ಒಟ್ಟು ಸಿಕ್ಕಿದ್ದು ಸುಮಾರು 42 ಗಂಟೆಯ ಚಿತ್ರ. ಗಾಳಿ ಅಳೆಯುವ ಸ್ಕ್ಯಾಟರೋಮೀಟರಿನ ದತ್ತಾಂಶ ಚಿಕ್ಕದು, ಟೇಪಿಗೆ ಹೋಗುತ್ತಿತ್ತು. ಅರಬ್ಬೀ ಸಮುದ್ರದ ಆ ವರ್ಷದ ಮಳೆಗಾಲದ ಗಾಳಿ ಅದರಲ್ಲಿ ಉಂಟು. ನೋಡುವಾಗ ಒಂದು ಎಚ್ಚರ: ಒಂದೇ ಜಾಗಕ್ಕೆ ಗಾಳಿಯ ದಿಕ್ಕು ನಾಲ್ಕರವರೆಗೆ ಬರುತ್ತದೆ. ಸರಿಯಾದದ್ದನ್ನು ಹವಾಮಾನ ನಕ್ಷೆಯ ಜೊತೆ ಇಟ್ಟು ಆರಿಸಬೇಕು.

*ಬೇಕಲ*: 42 ಗಂಟೆಯಿಂದ ಎಂತ ಪ್ರಯೋಜನ ಆಯಿತು?

*ಮಂಜೇಶ್ವರ*: ತುಂಬಾ. ಕೊನೆಯ ವಾರಗಳಲ್ಲಿ ಕಕ್ಷೆಯನ್ನು ಮೂರು ದಿನಕ್ಕೊಮ್ಮೆ ಅದೇ ದಾರಿಗೆ ಬರುವಂತೆ ಹೊಂದಿಸಿದ್ದರು. ಆ ಜೋಡಿ ಚಿತ್ರಗಳಲ್ಲಿ ಒಂದರ ಫೇಸನ್ನು (ತರಂಗ ತನ್ನ ಏರಿಳಿತದ ಯಾವ ಹಂತದಲ್ಲಿ ಮರಳಿತು ಎಂಬ ಲೆಕ್ಕ) ಇನ್ನೊಂದರದರಿಂದ ಕಳೆದು, ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ನೀರು ಬಿಟ್ಟ ಗದ್ದೆಗಳ ನೆಲ ಉಬ್ಬಿದ್ದನ್ನು 1989ರಲ್ಲಿ ತೋರಿಸಿದರು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹೋದ ಭಾರತ-ಅಮೆರಿಕ ಜಂಟಿ ರಾಡಾರ್ ಉಪಗ್ರಹ ನಿಸಾರ್ 12 ದಿನಕ್ಕೊಮ್ಮೆ ಅದನ್ನೇ ಮಾಡಲು ಹೋದದ್ದು. ಅದರ ಎಲ್-ಬ್ಯಾಂಡ್ ತರಂಗ 24 ಸೆಂಟಿಮೀಟರ್, ಸೀಸ್ಯಾಟಿನ ಹತ್ತಿರವೇ.

*ಬದಿಯಡ್ಕ*: ನನಗೆ ಸಂಕಟವಾಗುವುದು ಬೇರೆ. ಸೀಸ್ಯಾಟ್ ಕೂತದ್ದು ಅಜೀನಾ ಎಂಬ ಹಳೆಯ ರಾಕೆಟ್ ಹಂತದ ಒಡಲಿನ ಮೇಲೆ. ‘ಹಾರಿ ಪಳಗಿದ್ದು’ ಎಂಬ ನಂಬಿಕೆಯಲ್ಲಿ ಅದರ ಭಾಗಗಳನ್ನು ಬೇಕಾದಷ್ಟು ಪರೀಕ್ಷಿಸಲಿಲ್ಲ. ಪಳಗಿದ್ದು ರಾಕೆಟ್ ಹಂತ. ಸ್ಲಿಪ್ ರಿಂಗ್ ಅಲ್ಲ.

*ಮಂಜೇಶ್ವರ*: ಪರೀಕ್ಷಿಸಿದ್ದರೂ ಸಿಗುತ್ತಿತ್ತು ಅಂತ ಹೇಳಲಾಗದು. ನೆಲದಲ್ಲಿ ಲೋಹದ ಚೂರು ತಳಕ್ಕೆ ಬಿದ್ದಿರುತ್ತದೆ, ಮೇಲೆ ಹೋದರೆ ತೇಲುತ್ತದೆ.

*ಬದಿಯಡ್ಕ*: ತಂತಿ ಉಜ್ಜುವುದು, ಬ್ರಷ್ ಓರೆಯಾಗುವುದು ನಿರ್ವಾತ ಕೋಣೆಯಲ್ಲಿ ಪೂರ್ತಿ ಕರೆಂಟ್ ಹರಿಸಿ, ಬಿಸಿ-ತಂಪು ಕೊಟ್ಟು ತಿರುಗಿಸಿದರೆ ಕಾಣಬಹುದು. ತೇಲುವ ಚೂರಿಗೆ ಪರೀಕ್ಷೆ ಸಾಲದು, ಒಪ್ಪಿದೆ. ಅದಕ್ಕೆ ವಿನ್ಯಾಸವೇ ಬದಲಾಗಬೇಕು: ಪ್ಲಸ್‌ಗಳೆಲ್ಲಾ ಒಂದು ತುದಿ, ಮೈನಸ್‌ಗಳೆಲ್ಲಾ ಇನ್ನೊಂದು ತುದಿ, ನಡುವೆ ಕರೆಂಟಿಲ್ಲದ ಖಾಲಿ ಉಂಗುರ, ಉಂಗುರಗಳ ನಡುವೆ ಎತ್ತರದ ಇನ್ಸುಲೇಟರ್ ಗೋಡೆ. ಆಗ ಒಂದು ಚೂರು ಪ್ಲಸ್‌ನಿಂದ ಪ್ಲಸ್‌ಗೆ ಸೇತುವೆ ಕಟ್ಟಿದರೂ ಕೆಲಸ ನಡೆಯುತ್ತದೆ.