ಮೆಟಲಾಕ್ಸಿಲ್ ಔಷಧ ಹೊಡೆದರೂ ದ್ರಾಕ್ಷಿಯ ಡೌನಿ ರೋಗ ನಿಲ್ಲುತ್ತಿಲ್ಲ, ಮುಂದೇನು ಮಾಡಬೇಕು?

ಪ್ರಶ್ನೆ (ತಿಕೋಟಾ, ವಿಜಯಪುರ ಜಿಲ್ಲೆ):
ಮಾನ್ಯರೇ, ನಮ್ಮದು ಎರಡು ಎಕರೆ ಥಾಮ್ಸನ್ ದ್ರಾಕ್ಷಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿದು ತಿಂಗಳಾಗಿದ್ದು, ನಡುವೆ ಮೂರು ದಿನ ಜಿಟಿಜಿಟಿ ಮಳೆ ಹಿಡಿದ ಮೇಲೆ ಎಲೆಗಳಲ್ಲಿ ಎಣ್ಣೆ ಬಿದ್ದಂತಹ ಹಳದಿ ಚುಕ್ಕೆಗಳು ಮೂಡಿವೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಅದೇ ಜಾಗದಲ್ಲಿ ಬಿಳಿ ಬೂಸ್ಟು ಕಾಣುತ್ತದೆ. ಮೆಟಲಾಕ್ಸಿಲ್ ಶೇ. 8, ಮ್ಯಾಂಕೋಜೆಬ್ ಶೇ. 64 ಇರುವ ಪುಡಿಯನ್ನು ಲೀಟರಿಗೆ 2.5 ಗ್ರಾಂನಂತೆ ಎರಡು ಸಲ, ಮೂರನೇ ಸಲ ಬೇರೆ ಹೆಸರಿನ ಔಷಧ ಹೊಡೆದರೂ ರೋಗ ಗೊಂಚಲಿಗೆ ಇಳಿಯುತ್ತಿದೆ. ಅಂಗಡಿಯವರು ಗಂಧಕ ಹೊಡೆಯಿರಿ ಎನ್ನುತ್ತಾರೆ. ಔಷಧವೇ ನಕಲಿ ಇರಬಹುದೇ?

ಉತ್ತರ 1 (ಜಮಖಂಡಿ):
ದಯವಿಟ್ಟು ಗಂಧಕಕ್ಕೆ ಹಣ ಹಾಕಬೇಡಿ. ಅದು ಬೂದಿ ರೋಗದ ಔಷಧ. ಡೌನಿಯ ರೋಗಾಣು ನಿಜವಾದ ಶಿಲೀಂಧ್ರವೇ ಅಲ್ಲ. ಎಲೆಯ ಮೇಲಿನ ನೀರಿನ ಪೊರೆಯಲ್ಲಿ ಈಜಿ, ಎಲೆಯಡಿಯ ಪತ್ರರಂಧ್ರಗಳಿಂದ ಒಳಹೊಗುವ ಬೇರೊಂದು ಕುಲದ್ದು. ಮೆಟಲಾಕ್ಸಿಲ್ ಅದರ ಆರ್‌ಎನ್‌ಎ ತಯಾರಿಕೆಯನ್ನು ಒಂದೇ ಕಡೆ ತಡೆಯುವುದರಿಂದ, ಅದನ್ನೇ ಮತ್ತೆ ಮತ್ತೆ ಹೊಡೆದಷ್ಟೂ ಅದಕ್ಕೆ ಬಗ್ಗದ ರೋಗಾಣುಗಳು ಮಾತ್ರ ಉಳಿದು ಹೆಚ್ಚುತ್ತವೆ. 1970ರ ದಶಕದ ಕೊನೆಯಲ್ಲಿ ಬಂದ ಈ ಔಷಧ 1980ರಲ್ಲೇ ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ ಹೀಗೆ ಸೋತಿತ್ತು. ಆದ್ದರಿಂದ ಅಸಲಿ ಪುಡಿಯೂ ತಮ್ಮ ತೋಟದಲ್ಲಿ ಕೆಲಸ ಮಾಡದೆ ಇರಬಹುದು. ಮುಂದಿನ ಸಲ ಡೈಮೆಥೊಮಾರ್ಫ್ ಅಥವಾ ಸೈಮಾಕ್ಸಾನಿಲ್ ಇರುವ ಔಷಧವನ್ನು ಲೇಬಲ್ಲಿನ ಪ್ರಮಾಣದಲ್ಲೇ ಬಳಸಿ. ಪೊಟ್ಟಣದ ಮೇಲಿನ ದೊಡ್ಡ ಹೆಸರಿಗಿಂತ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಓದಿ ಕೊಳ್ಳಿ.

ಉತ್ತರ 2 (ಅಥಣಿ):
ಮೇಲಿನವರು ಹೇಳಿದ್ದು ಸರಿ. ಮುಂದಿನ ವರ್ಷ ಚಾಟ್ನಿಯಾದ ಕೂಡಲೇ, ಚಿಗುರು ಒಡೆಯುವ ಮೊದಲು, ಬೋರ್ಡೋ ದ್ರಾವಣ ಹೊಡೆಯಿರಿ. ಎಳೆ ಚಿಗುರಿಗೆ ಬಿದ್ದರೆ ಸುಡುತ್ತದೆ. ಶೇ. 1ರ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು. ನಾನು ಪ್ರತಿ ಸಲವೂ ತಿಕ್ಕಿ ಬೆಳಗಿದ ಕುಡುಗೋಲಿನ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತೇನೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ ಎಂದರ್ಥ, ಅದು ಹತ್ತದಂತಾಗುವವರೆಗೆ ಸುಣ್ಣದ ನೀರು ಸೇರಿಸುತ್ತೇನೆ. ಕಲಸಿದ್ದನ್ನು ಅಂದೇ ಮುಗಿಸಬೇಕು, ಬೇರೆ ಔಷಧ ಬೆರೆಸಬಾರದು.

ಪ್ರಶ್ನೆ ಕೇಳಿದವರು:
ತಮ್ಮಿಬ್ಬರಿಗೂ ಧನ್ಯವಾದಗಳು. ಪೊಟ್ಟಣಗಳನ್ನು ಹುಡುಕಿ ತೆಗೆದೆ. ಬದಲಿಸಿದ್ದೇನೆಂದು ತಿಳಿದಿದ್ದ ಮೂರನೆಯದೂ ಬೇರೆ ಹೆಸರಿನ ಮೆಟಲಾಕ್ಸಿಲ್ಲೇ ಆಗಿತ್ತು. ನಮ್ಮ ಆಳು ಎಲೆಯ ಮೇಲ್ಭಾಗವಷ್ಟೇ ತೊಯ್ಯುವಂತೆ ಹೊಡೆಯುತ್ತಿದ್ದನೆಂಬುದೂ ಗೊತ್ತಾಯಿತು. ನಾಳೆ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಸೈಮಾಕ್ಸಾನಿಲ್ ಹೊಡೆಯುವಾಗ ನಾನೇ ಜೊತೆಗಿದ್ದು ಎಲೆಯಡಿ ತೊಯ್ಯುವಂತೆ ಹೊಡೆಸುತ್ತೇನೆ.