ಮೀನುಗಾರಿಕೆ ಹಡಗಿನ ಚೀಫ್ ಇಂಜಿನಿಯರ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಅನುವಾದಕಿ, ಶಿರಸಿ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ನಾಳೆ ಸಂಜೆಯೊಳಗೆ. ಅಚ್ಚಿನವರು ಕಾಯುತ್ತಿದ್ದಾರೆ.

ಆಳಸಮುದ್ರಕ್ಕೆ ಹೋಗುವ ಒಂದು ದೊಡ್ಡ ಮೀನುಗಾರಿಕೆ ಹಡಗಿಗೆ ಕನ್ನಡದಲ್ಲಿ ಗೋಡೆಪಟ್ಟಿ ಮಾಡಿಕೊಡುತ್ತಿದ್ದೇನೆ. ಬೆಂಕಿ ಹತ್ತಿದರೆ, ಒಳಗೆ ನೀರು ನುಗ್ಗಿದರೆ, ಯಾರಾದರೂ ಕಡಲಿಗೆ ಬಿದ್ದರೆ ಯಾರು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಅನ್ನುವ ಪಟ್ಟಿ ಅದು. ಕೆಲಸದವರಲ್ಲಿ ಜಾಸ್ತಿ ಜನ ಹೊನ್ನಾವರ, ಭಟ್ಕಳ, ಗಂಗೊಳ್ಳಿ ಕಡೆಯವರು, ಅದಕ್ಕೇ ಕನ್ನಡ. ಹಡಗು ನಡೆಸುವ ಸ್ಕಿಪ್ಪರ್‌ಗೆ ತಾಂಡೇಲ ಅಂತ ಹಾಕಿದೆ, ಡೆಕ್ಕಿನವರಿಗೆ ಖಲಾಸಿ. ಚೀಫ್ ಇಂಜಿನಿಯರ್ ಹತ್ತಿರ ಬಂದು ನಿಂತುಬಿಟ್ಟೆ. "ಮುಖ್ಯ ಅಭಿಯಂತರರು" ಅಂತ ಬರೆದು ಮನೆಯಲ್ಲಿ ಓದಿದರೆ ಅಣ್ಣ, "ಪಿಡಬ್ಲ್ಯುಡಿಯವರಿಗೆ ಹಡಗಿನಲ್ಲಿ ಏನು ಕೆಲಸ, ಸಮುದ್ರಕ್ಕೆ ಡಾಂಬರು ಹಾಕ್ತಾರಾ?" ಅಂದ.

ಸಾಲು ಹೀಗಿದೆ: "ಇಂಜಿನ್ ಕೋಣೆಯಲ್ಲಿ ಬೆಂಕಿ. ಮುಖ್ಯ ಅಭಿಯಂತರರು: ಇಂಧನದ ವಾಲ್ವುಗಳನ್ನು ಹೊರಗಿನಿಂದ ಮುಚ್ಚುವುದು, ಫ್ಯಾನು ನಿಲ್ಲಿಸುವುದು, ಒಳಗೆ ಯಾರೂ ಇಲ್ಲವೆಂದು ಖಚಿತವಾದ ಮೇಲೆ ಸಿಓಟು ಬಿಡುವುದು." (ಸಿಓಟು ಅಂದರೆ ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್.) ಹುದ್ದೆಯ ಹೆಸರೊಂದು ಸರಿ ಮಾಡಿಕೊಡಿ, ಸಾಕು.

ವ್ಯಾಕರಣಪ್ರಿಯ, ಮೈಸೂರು:

ಮೊದಲಿಗೆ, "ಅಭಿಯಂತರ" ಅನ್ನುವ ಪದವೇ ತಪ್ಪು. ನೇತೃ ನೇತಾರ ಆಗುತ್ತದೆ, ದಾತೃ ದಾತಾರ ಆಗುತ್ತದೆ. ಅದೇ ದಾರಿಯಲ್ಲಿ ಅಭಿಯಂತೃ ಅಭಿಯಂತಾರ ಆಗಬೇಕು. ಹ್ರಸ್ವ ಬರುವುದು ಪಿತೃ, ಮಾತೃ, ಭ್ರಾತೃ ಥರದ ನಂಟಿನ ಪದಗಳಿಗೆ, ಪಿತರರು ಅಂತೀವಲ್ಲ ಹಾಗೆ. ಇಂಜಿನಿಯರು ಯಾರಿಗೂ ನೆಂಟರಲ್ಲ. ಇಲಾಖೆಗಳ ಬೋರ್ಡಿನಲ್ಲೆಲ್ಲ ಅದೇ ಕೂತಿದೆ, ಯಾರೂ ಕೇಳುವವರಿಲ್ಲ.

ಎರಡನೆಯದು, ನಿಮಗೆ "ಅಭಿ" ಬೇಕಾಗಿಯೇ ಇಲ್ಲ. ಯಂತೃ ಅಂದರೆ ಹಿಡಿತದಲ್ಲಿಟ್ಟು ನಡೆಸುವವನು. ಅಮರಕೋಶ ಸಾರಥಿಗೆ ಹೇಳುವ ಪದಗಳಲ್ಲಿ ನಿಯಂತಾ, ಯಂತಾ ಎರಡೂ ಇವೆ. ಹಡಗಿನ ಯಂತ್ರ ನಡೆಸುವವನಿಗೆ ಇದಕ್ಕಿಂತ ಒಪ್ಪುವ ಪದ ಇಲ್ಲ. "ಪ್ರಧಾನ ಯಂತಾರ" ಅಂತ ಹಾಕಿ.

ತಿಳಿಗನ್ನಡ, ಬೆಂಗಳೂರು:

ಮೀನು ಹಿಡಿಯುವವರಿಗೆ ಅಮರಕೋಶ! ಹೊನ್ನಾವರದ ಹುಡುಗ "ಯಂತಾರ" ನೋಡಿ ತಾಯತ ಕಟ್ಟುವವನು ಅಂದುಕೊಳ್ಳುತ್ತಾನೆ.

ಇಂಜಿನ್‌ಗೆ ಬಿಣಿಗೆ ಅನ್ನುವ ಒರೆ ಇದೆ. ಅದರ ಅರಿವಿರುವವನು ಬಿಣಿಗೆಯರಿಗ. ಚೀಫ್‌ಗೆ ಹಿರಿಬಿಣಿಗೆಯರಿಗ. ಒತ್ತಕ್ಶರದ ಗೋಜಿಲ್ಲ, ಅರ್ತ ನೇರ. ಹೊಸದು ಅನ್ನಿಸಬಹುದು, ಬಳಸಿದರೆ ಹಳೆಯದಾಗುತ್ತದೆ.

ಇಂಜಿನ್‌ರೂಮು, ಮಲ್ಪೆ:

ಇಬ್ಬರಿಗೂ ಒಂದೇ ಪ್ರಶ್ನೆ. ಕೆಳಗೆ ಡೀಸೆಲ್ ಪೈಪು ಒಡೆದು ಬಿಸಿ ಎಕ್ಸಾಸ್ಟ್ ಮೇಲೆ ಚಿಮ್ಮಿ ಬೆಂಕಿ ಹತ್ತಿದೆ, ಹೊಗೆ ಮೇಲೆ ಬರುತ್ತಿದೆ. "ಹಿರಿಬಿಣಿಗೆಯರಿಗರೇ" ಅಂತ ಕೂಗಿ ಮುಗಿಸುವ ಹೊತ್ತಿಗೆ ಹಡಗು ಉಳಿದಿರುತ್ತದಾ?

ನಾನು ಕೊಚ್ಚಿಯ ಸಿಫ್ನೆಟ್ ಅನ್ನುವ ಮೀನುಗಾರಿಕೆ ತರಬೇತಿ ಸಂಸ್ಥೆಯಲ್ಲಿ ಮರೀನ್ ಫಿಟ್ಟರ್ ಕೋರ್ಸು ಮಾಡಿ, ಆಮೇಲೆ ಇಂಜಿನ್ ಡ್ರೈವರ್ ಟಿಕೆಟ್ (ಸರಕಾರದ ಸರ್ಟಿಫಿಕೇಟಿಗೆ ನಾವು ಟಿಕೆಟ್ ಅನ್ನುವುದು), ಆಮೇಲೆ ಇಂಜಿನಿಯರ್ ಟಿಕೆಟ್ ತೆಗೆದು ಹೊರದೇಶದ ಟ್ರಾಲರ್‌ನಲ್ಲಿ ಚೀಫ್ ಆಗಿ ಕೆಲಸ ಮಾಡಿದವನು. ಕೆಲಸ ಏನಂತ ತಿಳಿದರೆ ಪದ ತಾನಾಗಿಯೇ ಸಿಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಸರಕಿನ ಹಡಗಿನಲ್ಲಿ ಚೀಫ್‌ನ ಕೆಳಗೆ ಸೆಕೆಂಡ್, ಥರ್ಡ್, ಫೋರ್ತ್ ಅಂತ ಸಾಲು ಇರುತ್ತದೆ. ಬಂದರು ಬಿಟ್ಟರೆ ಇನ್ನೊಂದು ಬಂದರಿನವರೆಗೆ ಇಂಜಿನ್ ಒಂದೇ ವೇಗದಲ್ಲಿ ಓಡುತ್ತದೆ. ಟ್ರಾಲರ್‌ನಲ್ಲಿ ಹಾಗಲ್ಲ. ಬಲೆ ಬಿಡುವಾಗ ಒಂದು ಲೋಡು, ಎಳೆಯುವಾಗ ಒಂದು, ವಿಂಚು ಹಾಕಿ ಬಲೆ ಮೇಲೆತ್ತುವಾಗ ಇನ್ನೊಂದು, ಹಗಲು ರಾತ್ರಿ ಇದೇ. ಕೆಳಗಡೆ ಚೀಫ್, ಒಬ್ಬ ಸೆಕೆಂಡ್, ಎಣ್ಣೆ ಹಾಕುವ ಒಬ್ಬ ಹುಡುಗ ಇದ್ದರೆ ದೊಡ್ಡದು. ಆರು ಗಂಟೆ ಕೆಲಸ, ಆರು ಗಂಟೆ ಬಿಡುವು, ಆ ಬಿಡುವಿನಲ್ಲೇ ಮಲಗಬೇಕು, ಉಣ್ಣಬೇಕು, ಕರೆದರೆ ಎದ್ದು ಬರಬೇಕು. ಮೇನ್ ಇಂಜಿನ್, ಜನರೇಟರ್, ವಿಂಚಿನ ಹೈಡ್ರಾಲಿಕ್ಸು, ತಳದಲ್ಲಿ ನಿಂತ ನೀರು ಹೊರಹಾಕುವ ಬಿಲ್ಜ್ ಪಂಪು, ಸಿಹಿನೀರಿನ ಯಂತ್ರ ಎಲ್ಲ ಅವನ ತಲೆ ಮೇಲೆ. ಎಲ್ಲಕ್ಕಿಂತ ಜಾಸ್ತಿ ನಿದ್ದೆ ಕೆಡಿಸುವುದು ಫ್ರೀಜರ್. ಮೈನಸ್ 18 ಡಿಗ್ರಿಗಿಂತ ಮೇಲೆ ಬಂತೋ, ಹಿಡಿದ ಮೀನೆಲ್ಲ ಹೋಯಿತು. ಇಂಜಿನ್ ನಿಂತರೆ ಎಳೆದುಕೊಂಡು ಹೋಗಲು ಇನ್ನೊಂದು ಹಡಗು ಬರಬಹುದು, ಮೀನು ಕೆಟ್ಟರೆ ಯಾರೂ ಬರುವುದಿಲ್ಲ. ಫ್ರೀಜರ್ ತಣ್ಣಗಿಡುವ ಅಮೋನಿಯಾ ಸೋರಿದರಂತೂ ಮೂಗು ಮುಚ್ಚಿಕೊಂಡು ಓಡುವುದೇ, ಮಾಸ್ಕು ಹಾಕಿಕೊಂಡು ಒಳಗೆ ಹೋಗುವವನೂ ಅದೇ ಚೀಫ್.

ಅವನನ್ನು ಎಲ್ಲರೂ ಕರೆಯುವುದು "ಚೀಫ್" ಅಂತ. ಸರಕಿನ ಹಡಗಿನಲ್ಲಿ ಇಂಡಿಯಾದವರು "ಬಡಾ ಸಾಬ್" ಅಂತಾರೆ, ಥರ್ಡ್ ಇಂಜಿನಿಯರ್ "ತೀನ್ ಸಾಬ್", ಫೋರ್ತ್ "ಚಾರ್ ಸಾಬ್". ಅದು ಬೇರೆ ಕಥೆ.

ಅಕ್ಕಾ, ಅಂದಹಾಗೆ ನಿಮ್ಮ ಸಾಲಿನಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಒಂದಿದೆ. "ಫ್ಯಾನು ನಿಲ್ಲಿಸುವುದು" ಅಂತ ಬರೆದಿದ್ದೀರಿ. ನಮ್ಮ ಕರಾವಳಿಯ ಬೋಟಿನವರಿಗೆ ಫ್ಯಾನು ಅಂದರೆ ಪ್ರೊಪೆಲ್ಲರ್. "ಬಲೆ ಫ್ಯಾನಿಗೆ ಸಿಕ್ಕಿತು" ಅಂತಲೇ ಹೇಳುವುದು. ಅದನ್ನು ಓದಿದವನು ಹಡಗು ನಿಲ್ಲಿಸಲು ಮೇಲೆ ಓಡುತ್ತಾನೆ, ಇಂಜಿನ್ ಕೋಣೆಗೆ ಗಾಳಿ ಊದುವ ಬ್ಲೋವರ್ ಓಡುತ್ತಲೇ ಇರುತ್ತದೆ. ಗಾಳಿ ಹೋಗುತ್ತಿದ್ದರೆ ಸಿಓಟು ಬಿಟ್ಟರೂ ದಂಡ. "ಗಾಳಿ ಬ್ಲೋವರ್ ಬಂದ್ ಮಾಡುವುದು, ಗಾಳಿಕಿಂಡಿ ಮುಚ್ಚುವುದು" ಅಂತ ಹಾಕಿ. ಹುದ್ದೆಯ ಹೆಸರು ಏನಾದರೂ ಇರಲಿ, ಇದನ್ನು ಮೊದಲು ಬದಲಿಸಿ.

ಪೇಡಾನಗರಿ, ಧಾರವಾಡ:

ಮೇಸ್ತ್ರಿ ಅನ್ನುವ ಪದ ಎಲ್ಲರೂ ಮರೆತರಲ್ಲ! "ಇಂಜಿನ್ ಮೇಸ್ತ್ರಿ" ಅಂದರೆ ಎಷ್ಟು ಚಂದ. ಪೋರ್ಚುಗೀಸರ ಮೆಸ್ತ್ರೆ ಅದು, ಅಲ್ಲಿ ಮೀನುದೋಣಿ ನಡೆಸುವ ಯಜಮಾನನಿಗೂ ಮೆಸ್ತ್ರೆ ಅಂತಲೇ ಅನ್ನುತ್ತಾರೆ. ಕಡಲಿಂದ ಬಂದ ಪದ ಕಡಲಿಗೇ ವಾಪಸ್ ಹೋಗಲಿ ನೋಡ್ರಿ.

ಇಂಜಿನ್‌ರೂಮು, ಮಲ್ಪೆ:

ಯಜಮಾನನಿಗೆ ಅನ್ನುವ ಪದ ಇಂಜಿನಿಯರ್‌ಗೆ ಯಾಕೆ? ನಮ್ಮಲ್ಲಿ ಮೇಸ್ತ್ರಿ ಅಂದರೆ ದಡದಲ್ಲಿ ಇರುವವನು. ಬೇಡ.

ತಿಳಿಗನ್ನಡ, ಬೆಂಗಳೂರು:

ಎಲ್ಲದಕ್ಕೂ ಬೇಡ ಅಂದರೆ ಕನ್ನಡಕ್ಕೆ ಉಳಿಯುವುದೇನು? ಚೀಫ್, ಬ್ಲೋವರ್, ವಾಲ್ವು, ಪಂಪು. ಇದನ್ನು ಕನ್ನಡದ ಗೋಡೆಪಟ್ಟಿ ಅನ್ನುವುದಕ್ಕಿಂತ ಇಂಗ್ಲಿಶ್ ಪಟ್ಟಿಗೆ ಕನ್ನಡ ಲಿಪಿ ಅನ್ನಿ. ತಾಂಡೇಲ, ಚುಕ್ಕಾಣಿ, ಲಂಗರು ಅಂತ ಮೊದಲು ಎಶ್ಟು ಚೆನ್ನಾಗಿತ್ತು ನಮ್ಮ ಕಡಲ ನುಡಿ.

ವ್ಯಾಕರಣಪ್ರಿಯ, ಮೈಸೂರು:

ನಕ್ಕುಬಿಟ್ಟೆ. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಲಂಗರು ಪಾರಸಿ. ಬಂದರು ಪಾರಸಿ. ಖಲಾಸಿ ಅರಬ್ಬಿ. ಕಪ್ತಾನ ಪೋರ್ಚುಗೀಸು. ತಾಂಡೇಲ ಮರಾಠಿಯಲ್ಲಿದೆ, ತೆಲುಗಿನಲ್ಲಿದೆ, ಮಲಯಾಳದಲ್ಲಿ ತಂಡಲ್ ಆಗಿದೆ. ಕೆಲವರು ತಾಂಡಾ, ಅಂದರೆ ಜನರ ಸಾಲು, ಅದರಿಂದ ಬಂತು ಅನ್ನುತ್ತಾರೆ. ಕೆಲವರು ಮಲಯಾಳದ ತಂಡು, ಅಂದರೆ ದೋಣಿಯ ಹುಟ್ಟು, ಅದರಿಂದ ಅನ್ನುತ್ತಾರೆ. ನಿಮ್ಮ "ನಮ್ಮ ಕಡಲ ನುಡಿ"ಯಲ್ಲಿ ಅರ್ಧ ಹೊರಗಿಂದ ಬಂದದ್ದು. ದೋಣಿಯೂ ಸಂಸ್ಕೃತದ ದ್ರೋಣಿ.

ತಿಳಿಗನ್ನಡ, ಬೆಂಗಳೂರು:

ದೋಣಿ ದ್ರಾವಿಡ. ತಮಿಳಿನ ತೋಣಿ ನೋಡಿ. ಸಂಸ್ಕೃತಕ್ಕೆ ಇಲ್ಲಿಂದ ಹೋಗಿದ್ದು. ಹಡಗು ಹಳಗನ್ನಡದ ಪಡಗು, ತಮಿಳಿನಲ್ಲಿ ಪಡಗು. ಅದನ್ನೂ ಸಂಸ್ಕೃತ ಅಂದುಬಿಡಿ.

ವ್ಯಾಕರಣಪ್ರಿಯ, ಮೈಸೂರು:

ಹಡಗಿನ ವಿಷಯ ನಾನು ಎತ್ತಲೇ ಇಲ್ಲ. ದ್ರೋಣಿಗೆ ಮರದ ತೊಟ್ಟಿ ಅನ್ನುವ ಅರ್ಥ ಇದೆ. ದೋಣಿ ಮೊದಲು ಕೊರೆದ ಮರವೇ ಅಲ್ಲವೇ? ವಾದ ಮಾಡುವ ಮೊದಲು ಒಂದು ನಿಘಂಟು ತೆಗೆದು ನೋಡಿ.

ಪೇಡಾನಗರಿ, ಧಾರವಾಡ:

ಎಲ್ಲಿಂದ ಎಲ್ಲಿಗೆ ಬಂತ್ರಿ ಇದು. ಆ ತಂಗಿ ನಾಳೆ ಸಂಜೆಗೆ ಅಚ್ಚಿಗೆ ಕೊಡಬೇಕು.

ಇಂಜಿನ್‌ರೂಮು, ಮಲ್ಪೆ:

ಕನ್ನಡದಲ್ಲಿ ಪದ ಇಲ್ಲ ಅಂತ ಯಾಕೆ ಅಷ್ಟು ಬೇಜಾರು ಮಾರಾಯ್ರೆ? ಹಾಯಿದೋಣಿಯಲ್ಲಿ ಇಂಜಿನ್ನೇ ಇರಲಿಲ್ಲ. ಇಂಜಿನ್ ಬಂದ ಮೇಲೂ ಊರಿನ ಸಣ್ಣ ಬೋಟುಗಳಲ್ಲಿ ತಾಂಡೇಲನೇ ಅದರ ಕಡೆಗೂ ಒಂದು ಕಿವಿ ಇಟ್ಟಿರುತ್ತಾನೆ. ಸದ್ದು ಬದಲಾದರೆ ಕೆಳಗೆ ಇಳಿದು ನೋಡುತ್ತಾನೆ, ಆಗದಿದ್ದರೆ ದಡಕ್ಕೆ ಬಂದು ಮೆಕ್ಯಾನಿಕ್‌ನ ಕರೆಸುತ್ತಾನೆ. ಚೀಫ್ ಅನ್ನುವ ಬೇರೆ ಆಳೇ ಇರದ ಕಡೆ ಅವನಿಗೊಂದು ಹೆಸರು ಎಲ್ಲಿಂದ ಬರಬೇಕು? ಮೀನುಗಾರಿಕೆ ಹಡಗಿನವರ ತರಬೇತಿಗೆ 1995ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಒಂದಿದೆ, ಎಸ್‌ಟಿಸಿಡಬ್ಲ್ಯು-ಎಫ್ ಅಂತಾರೆ, ಜಾರಿಗೆ ಬಂದದ್ದು 2012ರಲ್ಲಿ. ಅದರಲ್ಲೂ ಚೀಫ್ ಇಂಜಿನಿಯರ್, ಸೆಕೆಂಡ್ ಇಂಜಿನಿಯರ್ ಸರ್ಟಿಫಿಕೇಟಿನ ಮಾತು ಬರುವುದು ಇಂಜಿನ್ 750 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಇರುವ ಹಡಗಿಗೆ, ಅಂದರೆ ಸುಮಾರು ಸಾವಿರ ಅಶ್ವಶಕ್ತಿ. ಹುದ್ದೆ ಹಡಗಿನ ಜೊತೆಗೇ ಬಂತು, ಹೆಸರೂ ಬಂತು. ಮೀನಿನ ಹಿಂಡನ್ನು ಸುತ್ತಿ ಹಿಡಿಯುವ ಪರ್ಸಿನ್ ಬಲೆ ಬಂದಾಗ ಯಾರೂ ಪದ ಕಟ್ಟಲು ಕೂರಲಿಲ್ಲ. ಪರ್ಸ್ ಸೀನ್ ಅನ್ನುವುದನ್ನು ಬಾಯಲ್ಲಿ ಹಾಕಿಕೊಂಡು ಪರ್ಸಿನ್ ಮಾಡಿದರು. ಈಗ ಅದು ನಮ್ಮದೇ.

ಇನ್ನೊಂದು, ವ್ಯಾಕರಣದ ಮೇಷ್ಟ್ರು ಯಂತೃ ಅಂದರೆ ಸಾರಥಿ ಅಂದರಲ್ಲ, ಅದು ನನಗೆ ಇಷ್ಟವಾಯಿತು. ಸರಕಾರ ಕೊಡುವ ಕೆಳಗಿನ ಟಿಕೆಟಿನ ಹೆಸರೂ "ಇಂಜಿನ್ ಡ್ರೈವರ್" ಅಂತಲೇ ಇರುವುದು. ಆದರೆ ಅದು ಚೀಫ್‌ಗಿಂತ ಕೆಳಗಿನದು, ಆ ಲೆಕ್ಕದಲ್ಲಿ ನಿಮ್ಮ ಯಂತಾರನಿಗೆ ಇನ್ನೂ ಪರೀಕ್ಷೆ ಬಾಕಿ ಇದೆ ಮೇಷ್ಟ್ರೇ.

ವ್ಯಾಕರಣಪ್ರಿಯ, ಮೈಸೂರು:

ಪದದ ಮೂಲಕ್ಕೂ ಸರಕಾರಿ ಟಿಕೆಟಿಗೂ ಸಂಬಂಧವಿಲ್ಲ.

ಅನುವಾದಕಿ, ಶಿರಸಿ:

ಎಲ್ಲರಿಗೂ ಧನ್ಯವಾದ. ಮಲ್ಪೆಯವರು ಹೇಳಿದ ಫ್ಯಾನಿನ ವಿಷಯ ತಕ್ಷಣ ಬದಲಿಸಿದೆ. ಅದರ ಜೊತೆಗೆ "ಇಂಧನ" ತೆಗೆದು "ಡೀಸೆಲ್" ಮಾಡಿದೆ. ಈಗ ಸಾಲು: "ಇಂಜಿನ್ ರೂಮಲ್ಲಿ ಬೆಂಕಿ. ಚೀಫ್ ಇಂಜಿನಿಯರ್: ಹೊರಗಿನಿಂದ ಡೀಸೆಲ್ ವಾಲ್ವು ಮುಚ್ಚು. ಗಾಳಿ ಬ್ಲೋವರ್ ಬಂದ್ ಮಾಡು. ಗಾಳಿಕಿಂಡಿ ಮುಚ್ಚು. ಜನ ಎಣಿಸು. ಎಲ್ಲರೂ ಹೊರಗೆ ಬಂದ ಮೇಲೆ ಮಾತ್ರ ಸಿಓಟು ಬಿಡು." "ಚೀಫ್" ದಪ್ಪ ಅಕ್ಷರದಲ್ಲಿ, "ಇಂಜಿನಿಯರ್" ಸಣ್ಣದರಲ್ಲಿ.

ಏಕವಚನ ಒರಟಾಗುತ್ತದಾ ಅಂತ ಒಂದು ಅನುಮಾನ ಇದೆ. ಚೀಫ್ ಅಂದರೆ ಹಿರಿಯರು. "ಮುಚ್ಚಿ, ಬಿಡಿ" ಮಾಡಲಾ?

ಇಂಜಿನ್‌ರೂಮು, ಮಲ್ಪೆ:

"ಮುಚ್ಚಿ, ಬಿಡಿ" ಅಂತ ಸಾಲಾಗಿ ಬರೆದರೆ "ಮುಚ್ಚಿ ಬಿಡಿ" ಅಂತ ಒಂದೇ ಮಾತಾಗಿ ಓದಿಕೊಳ್ಳುತ್ತಾರೆ. ಒಂದೊಂದು ಕೆಲಸಕ್ಕೆ ಒಂದೊಂದು ಗೆರೆ, ಮುಂದೆ ನಂಬರು ಹಾಕಿ. ಆಮೇಲೆ ಬಹುವಚನ ಇದ್ದರೂ ನಡೆಯುತ್ತದೆ. ಜನ ಎಣಿಸುವುದನ್ನು ಚೀಫ್‌ಗೆ ಹಾಕಬೇಡಿ, ಅದು ತಾಂಡೇಲನ ಕೆಲಸ. ಅವನು "ಎಲ್ಲರೂ ಇದ್ದಾರೆ" ಅಂತ ಹೇಳಿದ ಮೇಲೆ ಚೀಫ್ ಸಿಓಟು ಬಿಡುವ ಹಿಡಿಕೆ ಎಳೆಯಬೇಕು.

ವ್ಯಾಕರಣಪ್ರಿಯ, ಮೈಸೂರು:

ವಾಲ್ವಿಗೆ "ಕವಾಟ" ಇದೆ. ಅದನ್ನಾದರೂ ಹಾಕಬಹುದಿತ್ತು.

ಅನುವಾದಕಿ, ಶಿರಸಿ:

ನಂಬರು ಹಾಕಿದೆ. ಎಣಿಸುವುದನ್ನು ತಾಂಡೇಲನ ಸಾಲಿಗೆ ಸೇರಿಸಿದೆ. ವಾಲ್ವು ವಾಲ್ವಾಗಿಯೇ ಅಚ್ಚಿಗೆ ಹೋಯಿತು ಸರ್.